ಬೆಳಗಿನ ಮುಹೂರ್ತವೂ ಬಿಗಿದ ಕೀಲುಗಳೂ

ರುಮಟಾಯ್ಡ್ ಸಂಧಿವಾತವೆಂಬುದು ದೇಹದ ರೋಗನಿರೋಧಕ ವ್ಯವಸ್ಥೆಯು ತನ್ನದೇ ಕೀಲುಗಳ ಒಳಪೊರೆಯ ಮೇಲೆ ತಿರುಗಿಬಿದ್ದು ಅಲ್ಲಿ ಊತ, ನೋವು ಮತ್ತು ಕ್ರಮೇಣ ಸವೆತವನ್ನು ಉಂಟುಮಾಡುವ ದೀರ್ಘಕಾಲದ ಕಾಯಿಲೆಯಾಗಿದ್ದು, ಕೆಲವು ವಾರ ತಣ್ಣಗಿದ್ದು ಇದ್ದಕ್ಕಿದ್ದಂತೆ ಕೆರಳುವುದು, ಅಂದರೆ ಉಲ್ಬಣಿಸುವುದು, ಅದರ ಸ್ವಭಾವ. ರೋಗಿಯ ಸಾಮಾಜಿಕ ಬದುಕನ್ನು ನೋವಿಗಿಂತಲೂ ಹೆಚ್ಚಾಗಿ ಕದಡುವುದು ಈ ಅನಿಶ್ಚಿತತೆಯೇ. ಏಕೆಂದರೆ ಲಗ್ನಪತ್ರಿಕೆ ಎಷ್ಟೋ ದಿನ ಮೊದಲೇ ಕೈಸೇರುತ್ತದೆ, ಕೀಲುಗಳ ಸ್ಥಿತಿಯಾದರೋ ಆ ದಿನ ಬೆಳಗಾದ ಮೇಲಷ್ಟೇ ತಿಳಿಯುತ್ತದೆ.

ಉರಿಯೂತವನ್ನು ಪ್ರಚೋದಿಸುವ ಇಂಟರ್‌ಲ್ಯೂಕಿನ್-6 ಎಂಬ ಪ್ರೋಟೀನಿನ ಪ್ರಮಾಣ ರಾತ್ರಿಯ ಕೊನೆಯ ಜಾವದಲ್ಲಿ ಏರುವುದರಿಂದ, ಎದ್ದೊಡನೆ ಬೆರಳು, ಮಣಿಕಟ್ಟು, ಪಾದಗಳು ಬಿಗಿದುಕೊಂಡಿರುತ್ತವೆ. ಅಮೆರಿಕದ ತಜ್ಞರು 1987ರಲ್ಲಿ ಪರಿಷ್ಕರಿಸಿದ ರೋಗದ ಮಾನದಂಡಗಳಲ್ಲಿ ಕನಿಷ್ಠ ಒಂದು ಗಂಟೆ ಉಳಿಯುವ ಮುಂಜಾನೆಯ ಬಿಗಿತವೂ ಒಂದಾಗಿತ್ತು. ಮದುವೆಗೆ ಹೊರಡುವವಳು ನೆರಿಗೆ ಹಿಡಿದು, ಬಳೆ ತೊಟ್ಟು, ಸೆರಗಿಗೆ ಪಿನ್ನು ಹಾಕಬೇಕಾದದ್ದೂ ಅದೇ ಹೊತ್ತಿನಲ್ಲಿ. ಪಿನ್ನಿನ ಬಾಯಿ ಒತ್ತಿ ಬಿಡಿಸಲು ಹೆಬ್ಬೆರಳಿಗೂ ತೋರುಬೆರಳಿಗೂ ಬೇಕಾದ ಬಲ ತೀರಾ ಅಲ್ಪವಾದರೂ ಆ ಅಲ್ಪವೇ ಒದಗುವುದಿಲ್ಲ, ಹೊರಡುವ ತೀರ್ಮಾನ ಎಷ್ಟೋ ಸಲ ಅಲ್ಲಿಯೇ ಮುರಿದುಬೀಳುತ್ತದೆ. ಈ ರೋಗದೊಂದಿಗೆ ಬಾಳುತ್ತಿರುವ ಪ್ರಸ್ತುತ ಲೇಖಕಿಯ ಅನುಭವದಲ್ಲಿ, ಬೆಳಗಿನ ಧಾರೆಯ ಬದಲು ಸಂಜೆಯ ಆರತಕ್ಷತೆಗೆ ಬರುವುದಾಗಿ ಒಪ್ಪಿಕೊಂಡು, ವೇದಿಕೆ ಹತ್ತುವ ಸಾಲಿನಲ್ಲಿ ಬಹಳ ಹೊತ್ತು ನಿಲ್ಲಲಾಗದೆಂಬುದನ್ನೂ ಮೊದಲೇ ತಿಳಿಸಿಟ್ಟರೆ ಕೊಟ್ಟ ಮಾತು ಉಳಿಯುವ ಸಂಭವ ಹೆಚ್ಚು. ಈ ರೋಗಕ್ಕೆಂದು ವಾರಕ್ಕೊಮ್ಮೆ ಸೇವಿಸುವ ಮೆಥೋಟ್ರೆಕ್ಸೇಟ್ ಔಷಧದ ಮರುದಿನ ಹಲವರಿಗೆ ವಾಕರಿಕೆ, ಸುಸ್ತು ಕಾಡುವುದರಿಂದ ಆ ದಿನಕ್ಕೆ ಯಾವ ಕಾರ್ಯಕ್ರಮವನ್ನೂ ಒಪ್ಪಿಕೊಳ್ಳದಿರುವುದು ಲೇಸು.

ಸಮಾಜಶಾಸ್ತ್ರಜ್ಞೆ ಕ್ಯಾರೊಲಿನ್ ವೀನರ್ ಇದೇ ರೋಗಿಗಳನ್ನು ಕುರಿತು 1975ರಲ್ಲಿ ಬರೆದ ಲೇಖನದಲ್ಲಿ ಮರೆಮಾಚುವಿಕೆಯನ್ನು, ಎಂದರೆ ನೋವನ್ನು ತೋರಗೊಡದೆ ಎಲ್ಲರಂತೆ ನಡೆದುಕೊಳ್ಳುವುದನ್ನು, ಅನಿಶ್ಚಿತತೆಯನ್ನು ನಿಭಾಯಿಸುವ ಮಾರ್ಗಗಳಲ್ಲಿ ಒಂದೆಂದು ಗುರುತಿಸಿದ್ದಾರೆ. ಆದರೆ ಮರೆಮಾಚುವುದು ಫಲಿಸಿದಷ್ಟೂ, ಕೈಲಾಗದ ದಿನದ ಮಾತಿಗೆ ಬೆಲೆ ತಗ್ಗುತ್ತದೆ. ನೆಂಟರ ಕಣ್ಣಿಗೆ ರೋಗಿ ಬೀಳುವುದು ಹೊರಗೆ ಬರಲು ಸಾಧ್ಯವಾದ ದಿನಗಳಲ್ಲಿ ಮಾತ್ರ. ಆದ್ದರಿಂದ ‘ಮೊನ್ನೆ ಗೃಹಪ್ರವೇಶದಲ್ಲಿ ಚೆನ್ನಾಗೇ ಇದ್ದಳಲ್ಲ’ ಎಂಬ ಮಾತು ಮನಸ್ಸನ್ನು ಚುಚ್ಚಿದರೂ ಅದನ್ನು ಆಡಿದವರಲ್ಲಿ ಕೆಡುಕಿರುವುದು ಅಪರೂಪ. ಬರಿದೆ ‘ಹುಷಾರಿಲ್ಲ’ ಎಂದರೆ ಎರಡು ದಿನದ ಜ್ವರವೆಂದು ಭಾವಿಸುವವರೇ, ‘ಮಣಿಕಟ್ಟು ಊದಿದೆ, ಬಾಗಿಲ ಚಿಲಕ ತೆಗೆಯಲಾಗುತ್ತಿಲ್ಲ’ ಎಂದಾಗ ಮತ್ತೆ ಪ್ರಶ್ನಿಸುವುದಿಲ್ಲ.

ಬಾರದಿರುವ ಸುದ್ದಿಯನ್ನು ಗಡಿಬಿಡಿಯಲ್ಲಿರುವ ಹುಡುಗಿಯ ತಾಯಿಗೆ ತಿಳಿಸುವುದಕ್ಕಿಂತ ಆ ಮನೆಯ ಚಿಕ್ಕಮ್ಮನಿಗೋ ಅತ್ತಿಗೆಗೋ ತಿಳಿಸಿ, ದೇಹ ಒಪ್ಪಿದ ಒಂದು ಮಧ್ಯಾಹ್ನ ಹೊಸ ದಂಪತಿಗಳನ್ನು ಕಂಡು ಬಂದರೆ ಬಾಂಧವ್ಯಕ್ಕೆ ಊನ ಬಾರದು. ಇಷ್ಟೆಲ್ಲ ರೋಗಿಯ ಕೈಯಲ್ಲಿರುವುದು. ಹೇಗೂ ಬರಲಾರಳೆಂಬ ಅನುಕಂಪದಿಂದಲೇ ಆಹ್ವಾನವನ್ನು ನಿಲ್ಲಿಸಿಬಿಡುವ ರೂಢಿ ಮಾತ್ರ ಆಕೆಯ ಕೈಮೀರಿದ್ದು, ಮತ್ತು ತಪ್ಪಿಹೋದ ಯಾವ ಸಮಾರಂಭಕ್ಕಿಂತಲೂ ಅದು ನೀಡುವ ನೋವು ದೊಡ್ಡದು. ಬರುವ ಭರವಸೆಯನ್ನು ಕೇಳದೆ ಪ್ರತಿ ಸಲವೂ ಕರೆಯುವ ಮನೆಗಳಿಗೆ ರೋಗಿಗಳು ತಮ್ಮ ಕೈಲಾದ ದಿನಗಳನ್ನು ಮೊದಲು ಮೀಸಲಿಡುತ್ತಾರೆ.