ಉಬ್ಬುವ ಬೆಟ್ಟ, ನಡೆಯುವ ಬೆಂಗಳೂರು

ಮಕ್ಕಳೇ, ಕತ್ರಿಗುಪ್ಪೆಯ ಶಾಲೆಯೊಂದರಲ್ಲಿ ಜ್ವಾಲಾಮುಖಿಯ ಪಾಠ ಮುಗಿದಾಗ ಐದನೆಯ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತು ಕೇಳಿದಳು: "ಸರ್, ಬೆಟ್ಟ ಬೆಂಕಿ ಉಗುಳುವ ಮೊದಲು ಅಲ್ಲಿನ ಜನಕ್ಕೆ ಗೊತ್ತಾಗುವುದಿಲ್ಲವೇ? ನಮ್ಮ ಕಾಲಡಿಯಲ್ಲೂ ಹಾಗೇನಾದರೂ ಇದ್ದರೆ?"

ಎರಡನೆಯ ಪ್ರಶ್ನೆಗೆ ಉತ್ತರ ಸುಲಭ. ಲಾಲ್‌ಬಾಗಿನ ಬಂಡೆಯನ್ನು ನೀವೆಲ್ಲ ಹತ್ತಿದ್ದೀರಿ. ಅದರ ವಯಸ್ಸು ಸುಮಾರು 300 ಕೋಟಿ ವರ್ಷ. ಬೆಂಗಳೂರು ಕುಳಿತಿರುವುದು ಇಂಥ ಹಳೆಯ, ಗಟ್ಟಿ ಶಿಲೆಯ ಮೇಲೆ. ಇಲ್ಲಿ ಜ್ವಾಲಾಮುಖಿ ಇಲ್ಲ. ಭಾರತದಲ್ಲಿ ಈಗ ಜೀವಂತವಾಗಿರುವ ಜ್ವಾಲಾಮುಖಿ ಒಂದೇ, ಅಂಡಮಾನಿನ ಬ್ಯಾರನ್ ದ್ವೀಪ. ಸುಮಾರು ಒಂದೂವರೆ ಶತಮಾನ ಸುಮ್ಮನಿದ್ದು 1991ರಲ್ಲಿ ಅದು ಮತ್ತೆ ಸಿಡಿಯಿತು.

ಇನ್ನು ಮೊದಲನೆಯ ಪ್ರಶ್ನೆ. ನೆಲದಾಳದಲ್ಲಿ ಕರಗಿದ ಶಿಲೆಗೆ ಶಿಲಾಪಾಕ ಎನ್ನುತ್ತಾರೆ. ಅದು ಮೇಲೇರುವಾಗ ತನಗೆ ಜಾಗ ಮಾಡಿಕೊಳ್ಳಬೇಕಲ್ಲ! ಆಗ ಮೇಲಿನ ನೆಲ ಪೂರಿಯಂತೆ ಉಬ್ಬುತ್ತದೆ. ಆದರೆ ಈ ಉಬ್ಬು ಬಹಳ ಸಲ ಕೆಲವೇ ಸೆಂಟಿಮೀಟರ್. ಕಣ್ಣಿಗೆ ಕಾಣದು. ಅದನ್ನು ಅಳೆಯುವುದು ಹೇಗೆ?

ಇಲ್ಲಿ ನೆರವಿಗೆ ಬರುವುದು ಜಿ.ಪಿ.ಎಸ್. ಸುಮಾರು 20,200 ಕಿ.ಮೀ. ಎತ್ತರದಲ್ಲಿ ಸುತ್ತುವ ಉಪಗ್ರಹಗಳು ಪರಮಾಣು ಗಡಿಯಾರ ಇಟ್ಟುಕೊಂಡು ರೇಡಿಯೋ ಸಂಕೇತ ಕಳಿಸುತ್ತಿರುತ್ತವೆ. ಸಂಕೇತದ ವೇಗ ಸೆಕೆಂಡಿಗೆ 3 ಲಕ್ಷ ಕಿ.ಮೀ. ಅದು ನಮ್ಮನ್ನು ತಲುಪಲು ಎಷ್ಟು ಹೊತ್ತು ಹಿಡಿಯಿತು ಎಂದು ತಿಳಿದರೆ ದೂರ ಸಿಕ್ಕಿತು. ನಾಲ್ಕು ಉಪಗ್ರಹಗಳ ದೂರ ಸಿಕ್ಕರೆ ನಾವಿರುವ ಜಾಗವೇ ಸಿಕ್ಕಿತು. ಅಪ್ಪನ ಮೊಬೈಲು ಇದನ್ನೇ ಮಾಡುತ್ತದೆ, ಕೆಲವು ಮೀಟರ್ ತಪ್ಪಿನೊಂದಿಗೆ. ವಿಜ್ಞಾನಿಗಳು ಬಂಡೆಗೆ ಕಂಬ ಹೂಡಿ, ಅದರ ಮೇಲೆ ಆಂಟೆನಾ ಕೂರಿಸಿ, ಹಗಲೂ ರಾತ್ರಿ ಸಂಕೇತ ಹಿಡಿಯುತ್ತಾರೆ. ಸುಮಾರು 19 ಸೆಂ.ಮೀ. ಉದ್ದದ ರೇಡಿಯೋ ಅಲೆಯ ಒಂದು ಸಣ್ಣ ಭಾಗವನ್ನೂ ಬಿಡದೆ ಲೆಕ್ಕ ಹಾಕುತ್ತಾರೆ. ಆಗ ತಪ್ಪು ಮಿಲಿಮೀಟರುಗಳಿಗೆ ಇಳಿಯುತ್ತದೆ.

ಇಂಥದೊಂದು ಕೇಂದ್ರ ಕತ್ರಿಗುಪ್ಪೆಯಿಂದ ನೇರ ಗೆರೆ ಎಳೆದರೆ ಸುಮಾರು 11 ಕಿ.ಮೀ. ದೂರದಲ್ಲಿ, ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿದೆ. 1990ರ ದಶಕದಲ್ಲಿ ಸಿ-ಮ್ಯಾಕ್ಸ್ ಸಂಸ್ಥೆಯ ವಿಜ್ಞಾನಿಗಳು ಅದನ್ನು ನೆಟ್ಟರು. ಅದು ಹೇಳುವ ಸುದ್ದಿ ಸೋಜಿಗದ್ದು: ಬೆಂಗಳೂರು ವರ್ಷಕ್ಕೆ ಸುಮಾರು 5 ಸೆಂ.ಮೀ. ಈಶಾನ್ಯದತ್ತ ನಡೆಯುತ್ತಿದೆ! ನಿಮಗೆ ಹತ್ತು ವರ್ಷವಾಗಿದ್ದರೆ, ನೀವು ಹುಟ್ಟಿದ ಮನೆ ಅರ್ಧ ಮೀಟರು ಸರಿದಿದೆ.

ಹಾಗಾದರೆ ಗೋಡೆ ಏಕೆ ಬಿರುಕು ಬಿಡಲಿಲ್ಲ? ಬನಶಂಕರಿ ಬಸ್ಸನ್ನು ನೆನೆಸಿಕೊಳ್ಳಿ. ಬಸ್ಸು ಓಡುತ್ತದೆ, ಆದರೆ ಸೀಟುಗಳ ನಡುವಿನ ದೂರ ಬದಲಾಗುವುದಿಲ್ಲ. ಬೆಂಗಳೂರು, ಮೈಸೂರು, ಚೆನ್ನೈ ಎಲ್ಲವೂ ಒಂದೇ ಭೂಫಲಕದ ಸೀಟುಗಳು. ಇದಕ್ಕೆ ಹಳೆಯ ಸಾಕ್ಷಿಯೂ ಉಂಟು. 1800ರಲ್ಲಿ ಲ್ಯಾಂಬ್ಟನ್ ಬೆಂಗಳೂರಿನಲ್ಲಿ ಸರಪಳಿ ಹಿಡಿದು ಆಧಾರರೇಖೆ ಅಳೆದ. ಆ ಮಹಾ ಸರ್ವೆಯವರು 1860ರ ದಶಕದಲ್ಲಿ ದಕ್ಷಿಣ ಭಾರತದಲ್ಲಿ ಗುರುತು ಮಾಡಿದ್ದ ಬಿಂದುಗಳನ್ನು 1994ರಲ್ಲಿ ಜಿ.ಪಿ.ಎಸ್.ನಿಂದ ಮತ್ತೆ ಅಳೆದಾಗ ಅವುಗಳ ನಡುವಿನ ದೂರ ಹೆಚ್ಚುಕಡಿಮೆ ಹಾಗೆಯೇ ಇತ್ತು. 2004ರ ಡಿಸೆಂಬರ್ 26ರ ಭೂಕಂಪದಲ್ಲಿ ಅಂಡಮಾನಿನ ಪೋರ್ಟ್‌ಬ್ಲೇರ್ ಸುಮಾರು 3 ಮೀಟರ್ ಸರಿದು, ಸುಮಾರು 1 ಮೀಟರ್ ಕುಸಿಯಿತು. ಬೆಂಗಳೂರು ಸರಿದದ್ದು ಒಂದು ಸೆಂಟಿಮೀಟರಿನ ಆಸುಪಾಸು.

ಜ್ವಾಲಾಮುಖಿಯಲ್ಲಿ ಹಾಗಲ್ಲ. ಅಲ್ಲಿ ಸೀಟುಗಳೇ ಒಂದರಿಂದೊಂದು ದೂರ ಸರಿಯುತ್ತವೆ. ವಿಜ್ಞಾನಿಗಳು ಕಾಯುವುದು ಇದಕ್ಕಾಗಿಯೇ. ಐಸ್‌ಲ್ಯಾಂಡಿನ ಗ್ರಿಂಡಾವಿಕ್ ಒಂದು ಮೀನುಗಾರರ ಊರು. 2023ರ ನವೆಂಬರ್ 10ರಂದು ಸಾಲುಸಾಲು ಭೂಕಂಪಗಳಾದವು. ಜಿ.ಪಿ.ಎಸ್. ಕಂಬಗಳು ಸರಿದವು. ಶಿಲಾಪಾಕ ಊರಿನ ಕೆಳಗೇ ಹರಿದಿದೆ ಎಂದು ತಿಳಿಯಿತು. ಅಂದು ರಾತ್ರಿಯೇ ಊರು ಖಾಲಿ ಮಾಡಿಸಿದರು. 2024ರ ಜನವರಿ 14ರಂದು ಲಾವಾರಸ ಊರಂಚಿಗೆ ಬಂದು ಮೂರು ಮನೆಗಳನ್ನು ಸುಟ್ಟಿತು. ಮನೆಯವರು ಮೊದಲೇ ಹೊರಟುಹೋಗಿದ್ದರು.

ಆದರೆ ಉಬ್ಬಿದ್ದೆಲ್ಲ ಸಿಡಿಯುವುದಿಲ್ಲ. ಇಟಲಿಯ ಪೊಜ್ಜುವೊಲಿ ಪಟ್ಟಣ 1982ರಿಂದ 84ರ ನಡುವೆ ಸುಮಾರು 1.8 ಮೀಟರ್ ಮೇಲೆದ್ದಿತು. ಸುಮಾರು 40,000 ಜನ ಮನೆ ಬಿಟ್ಟರು. ಜ್ವಾಲಾಮುಖಿ ಸಿಡಿಯಲಿಲ್ಲ. 2005ರಿಂದ ಅಲ್ಲಿನ ನೆಲ ಮತ್ತೆ ಏರತೊಡಗಿ 1 ಮೀಟರ್ ದಾಟಿದೆ. ಜನರನ್ನು ಎಬ್ಬಿಸಬೇಕೇ, ಬೇಡವೇ? ವಿಜ್ಞಾನಿಗೆ ನಿದ್ದೆಗೆಡಿಸುವ ಪ್ರಶ್ನೆ ಇದು.

ಮಾಡಿ ನೋಡಿ: ಅಗಲವಾದ ಬೋಗುಣಿಯ ತಳದಲ್ಲಿ ಬಲೂನು ಇಡಿ. ಅದರ ಬಾಯಿಗೆ ಕೊಳವೆ ಕಟ್ಟಿ ಹೊರಗೆಳೆಯಿರಿ. ನಾಲ್ಕು ಬೆರಳು ದಪ್ಪ ಹಸಿಮರಳು ಮುಚ್ಚಿ. ನಡುವೆ ಮೂರು ಬೆಂಕಿಕಡ್ಡಿ, ಅಂಚಿನಲ್ಲಿ ಒಂದು ನೆಡಿ. ಕಡ್ಡಿಗಳ ನಡುವಿನ ದೂರ ಅಳೆದು ಬರೆದುಕೊಳ್ಳಿ. ಈಗ ಮೆಲ್ಲಗೆ ಊದಿ, ಪುನಃ ಅಳೆಯಿರಿ. ಅಂಚಿನ ಕಡ್ಡಿ ಏನು ಮಾಡಿತು? ಮರಳಿನಲ್ಲಿ ಬಿರುಕು ಮೊದಲು ಎಲ್ಲಿ ಮೂಡಿತು? ಗಾಳಿ ಬಿಟ್ಟ ಮೇಲೆ ಕಡ್ಡಿಗಳು ಹಳೆಯ ಜಾಗಕ್ಕೇ ಮರಳಿದವೇ?