ಗೂಢಚಾರಿಣಿ: ಕಥೆಯಲ್ಲಿ ಮತ್ತು ಚರಿತ್ರೆಯಲ್ಲಿ

(ಅಂತಿಮ ಬಿ. ಎ. ವಿದ್ಯಾರ್ಥಿನಿ)

'ಗೂಢಚಾರಿಣಿ' ಎಂಬ ಶಬ್ದವನ್ನು ಕೇಳಿದೊಡನೆ ನಮ್ಮಲ್ಲಿ ಬಹುಮಂದಿಯ ಕಣ್ಣೆದುರಿಗೆ ಬಂದು ನಿಲ್ಲುವುದು, ನಗುನಗುತ್ತಲೇ ವಂಚಿಸುವ ರೂಪವತಿಯೊಬ್ಬಳ ಚಿತ್ರ. ಪತ್ತೇದಾರಿ ಕಾದಂಬರಿಗಳೂ ಚಲಚ್ಚಿತ್ರಗಳೂ ಕಲಿಸಿರುವ ಪಾಠವಿದು. ಪಾಠವೇನೂ ಹೊಸದಲ್ಲ. ವಿಶಾಖದತ್ತನ 'ಮುದ್ರಾರಾಕ್ಷಸ' ನಾಟಕದಲ್ಲಿ ಪರ್ವತಕನ ಸಾವು ವಿಷಕನ್ಯೆಯಿಂದ. 1917ರಲ್ಲಿ ಫ್ರೆಂಚರ ಗುಂಡಿಗೆ ಬಲಿಯಾದ ನರ್ತಕಿ ಮಾತಾ ಹರಿಯ ಹೆಸರಂತೂ ಇಂತಹ ಕಥೆಗಳಿಗೆಲ್ಲ ಮೂಲಧನವಾಯಿತು. ಆದರೆ ಮೈಸೂರಿನ ಆರ್. ಶಾಮಶಾಸ್ತ್ರಿಗಳು ಓಲೆಗರಿಗಳಿಂದ ಎತ್ತಿ, 1909ರಲ್ಲಿ ಅಚ್ಚು ಹಾಕಿಸಿ ಲೋಕಕ್ಕೆ ಕೊಟ್ಟ ಕೌಟಿಲ್ಯನ ಅರ್ಥಶಾಸ್ತ್ರವನ್ನು ತೆರೆದರೆ ಬೇರೆಯೇ ಒಬ್ಬಳು ಕಾಣುತ್ತಾಳೆ. ರೂಪವನ್ನು ಬಳಸುವ ಹೆಂಗಸರ ಪ್ರಸ್ತಾಪ ಆ ಗ್ರಂಥದಲ್ಲೂ ಉಂಟು, ನಿಜ. ಆದರೆ ಅಲ್ಲಿಯ ಪರಿವ್ರಾಜಿಕೆ ಬಡವೆ, ವಿಧವೆ, ಹೊಟ್ಟೆಪಾಡಿಗೆ ಕೆಲಸ ಬೇಕಾದವಳು, ಮಾತಿನಲ್ಲಿ ಧೈರ್ಯವುಳ್ಳವಳು. ಈ ಇಬ್ಬರಲ್ಲಿ ಚರಿತ್ರೆಗೆ ಹತ್ತಿರವಾದವಳು ಯಾರೆಂಬುದನ್ನು ವಿಚಾರ ಮಾಡುವುದೇ ಈ ಲೇಖನದ ಉದ್ದೇಶ.

ಇದಕ್ಕೆ ನಾನು ಆಧಾರವಾಗಿ ತೆಗೆದುಕೊಂಡಿರುವುದು 2019ರ 'ಎ ಕಾಲ್ ಟು ಸ್ಪೈ' ಎಂಬ ಚಿತ್ರ. ನಿರ್ದೇಶಿಸಿದವರು ಲಿಡಿಯಾ ಡೀನ್ ಪಿಲ್ಚರ್. ಕಥೆ ಬರೆದು, ವರ್ಜೀನಿಯಾ ಹಾಲ್ ಪಾತ್ರವನ್ನು ವಹಿಸಿದವರು ಸಾರಾ ಮೇಗನ್ ಥಾಮಸ್. ನೂರ್ ಇನಾಯತ್ ಖಾನಳಾಗಿ ನಮ್ಮ ದೇಶದ ರಾಧಿಕಾ ಆಪ್ಟೆ ನಟಿಸಿದ್ದಾರೆ. ಮೂರನೆಯವಳು ಲಂಡನ್ ಕಛೇರಿಯಲ್ಲಿ ಕುಳಿತು ಇಂತಹವರನ್ನು ಸಿದ್ಧಗೊಳಿಸಿ ಕಳುಹಿಸುತ್ತಿದ್ದ ವೆರಾ ಆಟ್ಕಿನ್ಸ್. ಮೂವರೂ ಚರಿತ್ರೆಯಲ್ಲಿ ಬಾಳಿದ ವ್ಯಕ್ತಿಗಳೇ.

1940ರ ಜುಲೈ ತಿಂಗಳಲ್ಲಿ, ಫ್ರಾನ್ಸು ಜರ್ಮನರ ವಶವಾದ ಮೇಲೆ, ಬ್ರಿಟಿಷ್ ಸರಕಾರವು 'ಸ್ಪೆಷಲ್ ಆಪರೇಷನ್ಸ್ ಎಕ್ಸಿಕ್ಯುಟಿವ್' ಎಂಬ ಗುಪ್ತ ಸಂಸ್ಥೆಯನ್ನು ಸ್ಥಾಪಿಸಿತು. ಅದರ ಫ್ರೆಂಚ್ ವಿಭಾಗದಿಂದ ಫ್ರಾನ್ಸಿಗೆ ಹೋದ ಹೆಣ್ಣುಮಕ್ಕಳು ಸುಮಾರು 40. ಇವರನ್ನು ಆರಿಸಿದುದಕ್ಕೆ ಕಾರಣ ಮೋಹಕ ರೂಪವಲ್ಲ. ಜರ್ಮನಿಯ ಕಾರ್ಖಾನೆಗಳಿಗೆ ಕೂಲಿಯಾಳುಗಳು ಬೇಕಾಗಿದ್ದುದರಿಂದ ಪ್ರಾಯದ ಗಂಡಸು ಬೀದಿಯಲ್ಲಿ ಕಂಡರೆ ತಡೆದು ನಿಲ್ಲಿಸುತ್ತಿದ್ದರು. ಸೈಕಲ್ಲಿನ ಮೇಲೆ ಬುಟ್ಟಿಯಿಟ್ಟುಕೊಂಡು ಹೋಗುವ ಹೆಂಗಸನ್ನು ಯಾರೂ ಅಷ್ಟಾಗಿ ಕೇಳುತ್ತಿರಲಿಲ್ಲ. ಲೋಕದ ಕಣ್ಣಿಗೆ ಬೀಳದಿರುವುದೇ ಅವರ ಬಲ. ಕೌಟಿಲ್ಯನ ಬಡ ವಿಧವೆಗೆ ಇದ್ದ ಬಲವೂ ಇದೇ ಎಂಬುದನ್ನು ವಾಚಕರು ಗಮನಿಸಬೇಕು.

ವರ್ಜೀನಿಯಾ ಹಾಲ್ ಅಮೆರಿಕದವಳು. ಬೇಟೆಯಲ್ಲಿ ತನ್ನದೇ ಕೋವಿಯ ಗುಂಡು ತಗುಲಿ ಎಡಗಾಲಿನ ಕೆಳಭಾಗವನ್ನು ಕಳೆದುಕೊಂಡಿದ್ದಳು. ಕಾಲಿಲ್ಲದವಳೆಂದು ಅವಳ ದೇಶ ರಾಜತಂತ್ರದ ಹುದ್ದೆಯನ್ನು ಕೊಡಲಿಲ್ಲ. ಅದೇ ಮರದ ಕಾಲಿನಲ್ಲಿ ಅವಳು 1941ರಲ್ಲಿ ಪತ್ರಿಕಾ ಬಾತ್ಮೀದಾರಳ ವೇಷದಲ್ಲಿ ಫ್ರಾನ್ಸನ್ನು ಹೊಕ್ಕು, ಲಿಯಾನ್ ನಗರದಿಂದ ಕೆಲಸ ಮಾಡಿ, 1942ರ ನವೆಂಬರಿನಲ್ಲಿ ಪಿರನೀಸ್ ಪರ್ವತವನ್ನು ನಡೆದೇ ದಾಟಿ ಪಾರಾದಳು.

ನೂರ್ ಇನಾಯತ್ ಖಾನಳ ಕಥೆ ನಮಗೆ ಇನ್ನೂ ಹತ್ತಿರದ್ದು. ಅವಳ ತಂದೆ, ಬರೋಡೆಯಲ್ಲಿ ಹುಟ್ಟಿದ ಸೂಫಿ ಗುರು ಹಾಗೂ ಸಂಗೀತಗಾರ ಹಜರತ್ ಇನಾಯತ್ ಖಾನರು. ಮನೆತನದ ಹೇಳಿಕೆಯಂತೆ ಇವರು ತಾಯಿಯ ಕಡೆಯಿಂದ ನಮ್ಮ ಶ್ರೀರಂಗಪಟ್ಟಣದ ಟಿಪ್ಪುಸುಲ್ತಾನನ ವಂಶದವರು. ನೂರ್ ಹುಟ್ಟಿದುದು 1914ರ ಜನವರಿ 1ರಂದು ಮಾಸ್ಕೋದಲ್ಲಿ. ಬೆಳೆದುದು ಪ್ಯಾರಿಸ್ಸಿನ ಬಳಿ. ಜಾತಕ ಕಥೆಗಳನ್ನು ಮಕ್ಕಳಿಗಾಗಿ ಬರೆದು 1939ರಲ್ಲಿ ಪ್ರಕಟಿಸಿದಳು. ಅಹಿಂಸೆ, ಸತ್ಯಗಳೇ ಮನೆಯ ಮಾತಾಗಿದ್ದ ಹುಡುಗಿ ಸುಳ್ಳು ಹೆಸರಿನಲ್ಲಿ ಬಾಳುವ ಕೆಲಸಕ್ಕೆ ಇಳಿದಳು! ತರಬೇತಿಯ ವರದಿಯಲ್ಲಿ ಅಧಿಕಾರಿಯೊಬ್ಬನು ಇವಳಿಗೆ ಬುದ್ಧಿ ಸಾಲದು, ಈ ಕೆಲಸಕ್ಕೆ ತಕ್ಕವಳಲ್ಲ ಎಂಬರ್ಥದಲ್ಲಿ ಬರೆದನು. ಆದರೂ 1943ರ ಜೂನಿನಲ್ಲಿ ಅವಳನ್ನು ಸಣ್ಣ ವಿಮಾನದಲ್ಲಿ ರಾತ್ರಿಯ ಹೊತ್ತು ಫ್ರಾನ್ಸಿನಲ್ಲಿ ಇಳಿಸಲಾಯಿತು.

ಅವಳ ಕೆಲಸ ನಿಸ್ತಂತು ಯಂತ್ರದಿಂದ ಸುದ್ದಿ ಕಳುಹಿಸುವುದು. ಯಂತ್ರವು ಪೆಟ್ಟಿಗೆಯೊಳಗಿದ್ದು, ಆಂಟೆನಾ ತಂತಿಯನ್ನು ಮರಕ್ಕೋ ಕಿಟಕಿಗೋ ಉದ್ದಕ್ಕೆ ಕಟ್ಟಬೇಕು. ಸಂದೇಶವನ್ನು ಗುಪ್ತಲಿಪಿಗೆ ತಿರುಗಿಸಿ, ಮೋರ್ಸ್ ಸಂಜ್ಞೆಯಲ್ಲಿ ಬಡಿಯಬೇಕು. ಅಲೆ ಎಲ್ಲಿಂದ ಬರುತ್ತಿದೆ ಎಂದು ಅಳೆಯುವ ಜರ್ಮನರ ಮೋಟಾರುಗಳು ಬೀದಿಬೀದಿ ಸುತ್ತುತ್ತಿದ್ದುದರಿಂದ, ಒಂದೇ ಕಡೆ ಹೆಚ್ಚು ಹೊತ್ತು ಕುಳಿತರೆ ಸಿಕ್ಕಿಬಿದ್ದಂತೆಯೇ. ನೂರ್ ಬಂದ ಕೆಲವೇ ದಿನಗಳಲ್ಲಿ ಅವಳು ಸೇರಿದ್ದ ಜಾಲವು ಒಡೆದುಹೋಯಿತು, ಸಂಗಾತಿಗಳು ಬಂಧಿತರಾದರು. ಹಿಂದಿರುಗೆಂದು ಲಂಡನ್ ಹೇಳಿದರೂ, ಪ್ಯಾರಿಸ್ಸಿನಿಂದ ಸುದ್ದಿ ಕಳುಹಿಸಲು ಬೇರಾರೂ ಇಲ್ಲವೆಂದು ಅವಳು ಒಪ್ಪಲಿಲ್ಲ. ಅಕ್ಟೋಬರಿನಲ್ಲಿ ಸೆರೆ ಸಿಕ್ಕಿದಳು. ಎರಡು ಸಲ ತಪ್ಪಿಸಿಕೊಳ್ಳಲು ಯತ್ನಿಸಿದಳು. ಅವಳು ಏನನ್ನೂ ಬಾಯಿಬಿಡಲಿಲ್ಲವೆಂದು ಯುದ್ಧಾನಂತರ ಸಾಕ್ಷಿ ಹೇಳಿದವನು ಅವಳನ್ನು ಹಿಡಿದಿಟ್ಟಿದ್ದ ಜರ್ಮನ್ ಅಧಿಕಾರಿಯೇ.

ಇಲ್ಲಿಗೆ ನಿಲ್ಲಿಸಿದರೆ ಒಳ್ಳೆಯ ಕಥೆಯಾಗುತ್ತದೆ, ಚರಿತ್ರೆಯಾಗುವುದಿಲ್ಲ. ನೂರ್ ತಾನು ಕಳುಹಿಸಿದ ಸಂದೇಶಗಳನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟಿದ್ದಳು. ಅದು ಶತ್ರುಗಳ ಕೈಸೇರಿತು. ಅವರು ಅವಳ ಹೆಸರಿನಲ್ಲಿಯೇ ಲಂಡನ್ನಿಗೆ ಸುದ್ದಿ ಬಡಿದರು; ಕಛೇರಿಯು ಸಂಶಯಗಳನ್ನು ಬದಿಗೊತ್ತಿ ನಂಬಿತು. 1944ರ ಫೆಬ್ರವರಿಯಲ್ಲಿ ಆ ಸುಳ್ಳು ಸುದ್ದಿಯನ್ನು ನಂಬಿ ಕೊಡೆಯಲ್ಲಿ ಇಳಿದವರು ನೇರವಾಗಿ ಜರ್ಮನರ ಕೈಗೇ ಬಿದ್ದರು. ಅವರಲ್ಲಿ ಮದ್ಲೆನ್ ದಾಮರ್ಮಾ ಎಂಬವಳೂ ಒಬ್ಬಳು. ಅದೇ ವರ್ಷದ ಸೆಪ್ಟೆಂಬರ್ 13ರಂದು ಡಾಖೌ ಸೆರೆಶಿಬಿರದಲ್ಲಿ ನೂರಳೊಡನೆ ಗುಂಡೇಟಿಗೆ ಬಲಿಯಾದ ಮೂವರಲ್ಲಿ ಅವಳೂ ಇದ್ದಳು. ನೂರಳಿಗೆ ಆಗ 30 ವರ್ಷ. 1949ರಲ್ಲಿ ಬ್ರಿಟನ್ ಅವಳಿಗೆ ಜಾರ್ಜ್ ಕ್ರಾಸ್ ಪದಕವನ್ನಿತ್ತಿತು. ಒಬ್ಬ ಹುಡುಗಿಯ ತಪ್ಪಿಗಿಂತ, ಸುರಕ್ಷಿತವಾಗಿ ಕುಳಿತು ಪರೀಕ್ಷಿಸದೆ ನಂಬಿದವರ ತಪ್ಪು ದೊಡ್ಡದೆಂದು ನನ್ನ ಅಭಿಪ್ರಾಯ. ಹೆಣ್ಣುಮಕ್ಕಳನ್ನು ವೀರರೆಂದು ಹೊಗಳುವ ಭರದಲ್ಲಿ ಅವರನ್ನು ಕಳುಹಿಸಿದವರ ಲೆಕ್ಕವನ್ನು ನಾವು ಕೇಳದೆ ಬಿಡಬಾರದು.

ಚಿತ್ರವು ಮೂವರ ಬಾಳನ್ನು ಒಂದೇ ಹುರಿಯಾಗಿ ಹೊಸೆದಿದೆ. ಆದರೆ ಹಾಲ್ ಫ್ರಾನ್ಸನ್ನು ಬಿಟ್ಟು ಏಳು ತಿಂಗಳಾದ ಮೇಲೆ ನೂರ್ ಅಲ್ಲಿಗೆ ಬಂದಳೆಂಬುದನ್ನು ವಿದ್ಯಾರ್ಥಿಗಳು ಮರೆಯಬಾರದು. ಈ ಮಾತನ್ನು ಬಿಟ್ಟರೆ, ವಿಷಕನ್ಯೆಯನ್ನು ತೆರೆಯಿಂದ ಕೆಳಗಿಳಿಸಿ ದುಡಿಯುವ ಹೆಂಗಸನ್ನು ಅಲ್ಲಿ ನಿಲ್ಲಿಸಿದ್ದು ಈ ಚಿತ್ರದ ಹಿರಿಮೆ.

ಕಡೆಗೆ ಒಂದು ಮಾತು. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೇ ಮೊದಲು. ರಜೆಯಲ್ಲಿ ಊರಿಗೆ ಹೋದಾಗ ಈ ಕಥೆಯನ್ನು ಅವ್ವನಿಗೆ ಹೇಳಿದೆ. ಟಿಪ್ಪುವಿನ ವಂಶ, ವಿಮಾನ, ಪದಕ ಯಾವುದೂ ಅವಳ ಮನಸ್ಸಿಗೆ ಹತ್ತಲಿಲ್ಲ. "ಬುದ್ಧಿ ಸಾಲದು ಅಂತ ಬರೆದನಲ್ಲ, ಅವನು ಆಮೇಲೆ ಅದನ್ನು ಹೊಡೆದುಹಾಕಿದನೇನೇ?" ಎಂದು ಮಾತ್ರ ಕೇಳಿದಳು. ಆ ವರದಿ ಬರೆದ ಹಾಗೆಯೇ ಉಳಿದಿದೆ ಎಂದೆ. ಅವ್ವ ಒಲೆಯ ಕಡೆ ತಿರುಗಿ, "ಹಾಗಾದರೆ ನೀನಾದರೂ ಬರೆ" ಎಂದಳು. ಆದಕಾರಣ ಬರೆದಿದ್ದೇನೆ.