ಷೇರು ನನ್ನದು, ಸಂಬಳ ಅವನದು

ಎಚ್‌1ಬಿ ವೀಸಾದಲ್ಲಿರುವವನು ಕಂಪನಿ ತೆರೆಯಬಹುದೇ ಎಂದು ನ್ಯೂಜೆರ್ಸಿಯ ಎಡಿಸನ್‌ನ ಓಕ್ ಟ್ರೀ ರಸ್ತೆಯ ಯಾವ ಹೋಟೆಲಿನಲ್ಲಾದರೂ ಕೇಳಿ. ದೋಸೆ ಬರುವಷ್ಟರಲ್ಲಿ ‘ಧಾರಾಳವಾಗಿ’ ಎನ್ನುವವರೂ ‘ಸಾಧ್ಯವೇ ಇಲ್ಲ’ ಎನ್ನುವವರೂ ಸಿಗುತ್ತಾರೆ. ಇಬ್ಬರೂ ಅರ್ಧರ್ಧ ಸರಿ. ಕಂಪನಿಯ ಷೇರು ಇಟ್ಟುಕೊಳ್ಳಬಹುದು, ಲಾಭಾಂಶ ಪಡೆಯಬಹುದು. ಆದರೆ ಅದರಲ್ಲಿ ದುಡಿಯುವಂತಿಲ್ಲ. ಸಂಬಳ ಮುಟ್ಟದೆ ಗಿರಾಕಿಗೆ ನಾಲ್ಕು ಸಾಲು ಕೋಡ್ ಬರೆದುಕೊಟ್ಟರೂ ಅದು ಕೆಲಸವೇ. ವೀಸಾ ಇರುವುದು ಅರ್ಜಿ ಹಾಕಿದ ಕಂಪನಿಯ ಚಾಕರಿಗೆ ಮಾತ್ರ.

ನಾನೂ ನನ್ನ ಕಾಲೇಜು ಗೆಳೆಯನೂ ಸೇರಿ ಪುಟ್ಟ ಸಾಫ್ಟ್‌ವೇರ್ ಕಂಪನಿ ತೆರೆಯಲು ಹೊರಟಾಗ ಅವನ ಬಳಿ ಗ್ರೀನ್ ಕಾರ್ಡ್ ಇತ್ತು, ನನ್ನ ಬಳಿ ಎಚ್‌1ಬಿ. ಅಂದರೆ ದುಡಿಮೆ ಅವನದು, ದುಡ್ಡು ನನ್ನದು. “ನಮ್ಮಿಬ್ಬರ ಮಧ್ಯೆ ಕಾಗದ ಯಾಕೋ ಮಾರಾಯ?” ಅಂದ. ನಿನಗೋಸ್ಕರವೇ ಅಂದೆ. ಎರಡು ವರ್ಷ ರಾತ್ರಿಯೆಲ್ಲ ಒಬ್ಬನೇ ದುಡಿದವನಿಗೆ, ಕೈಕಟ್ಟಿ ಕೂತ ಗೆಳೆಯನ ಹೆಚ್ಚುಕಡಿಮೆ ಸಮಪಾಲು ಕಣ್ಣು ಚುಚ್ಚದೇ ಇರುತ್ತದೆಯೇ?

ನೋಂದಣಿಯೇ ದೊಡ್ಡ ಖರ್ಚೆಂದು ಹೆದರುವವರಿದ್ದಾರೆ. ನ್ಯೂಜೆರ್ಸಿಯಲ್ಲಿ 125 ಡಾಲರ್, ಆಮೇಲೆ ವರ್ಷಕ್ಕೆ 75. ಹಡ್ಸನ್ ನದಿ ದಾಟಿ ನ್ಯೂಯಾರ್ಕಿನಲ್ಲಿ ಎಲ್‌ಎಲ್‌ಸಿ (ಸೀಮಿತ ಹೊಣೆಗಾರಿಕೆಯ ಕಂಪನಿ) ತೆರೆದರೆ ಮಾತ್ರ, ಎರಡು ಪತ್ರಿಕೆಗಳಲ್ಲಿ ಆರು ವಾರ ಪ್ರಕಟಣೆ ಕೊಡಬೇಕೆಂಬ ಹಳೇ ಕಾಲದ ನಿಯಮವಿದೆ. ಮ್ಯಾನ್‌ಹಟನ್‌ನಲ್ಲಿ ಅದಕ್ಕೇ ಸಾವಿರ ಡಾಲರ್ ದಾಟುತ್ತದೆ.

ನಿಜವಾದ ಹಣದ ಪ್ರಶ್ನೆ ತೆರಿಗೆಯದು. ಸಣ್ಣ ಕಂಪನಿಗೆ ಇಲ್ಲಿನ ಲೆಕ್ಕಿಗರು ಥಟ್ಟನೆ ಹೇಳುವುದು ‘ಎಸ್ ಕಾರ್ಪ್ ಮಾಡಿ’ ಎಂದು. ಕಂಪನಿಗೆ ಬೇರೆ ಆದಾಯ ತೆರಿಗೆಯಿಲ್ಲ, ಲಾಭ ನೇರವಾಗಿ ಪಾಲುದಾರರ ಲೆಕ್ಕಕ್ಕೆ ಹೋಗುತ್ತದೆ. ಸೊಗಸಾಗಿದೆ. ಆದರೆ ತೆರಿಗೆಯ ಲೆಕ್ಕದಲ್ಲಿ ಅನಿವಾಸಿಯಾದ ವಿದೇಶಿಯೊಬ್ಬ ಎಸ್ ಕಾರ್ಪ್‌ನ ಒಂದೇ ಒಂದು ಷೇರು ಹೊಂದುವಂತಿಲ್ಲ. ಇಲ್ಲಿ ವರ್ಷಗಟ್ಟಲೆ ಇರುವ ಎಚ್‌1ಬಿಯವನು ತೆರಿಗೆಗೆ ನಿವಾಸಿಯೇ, ಹಾಗಾಗಿ ಇವತ್ತಿಗೆ ತೊಂದರೆಯಿಲ್ಲ. ನಾಳೆ ಕೆಲಸ ಹೋಯಿತೆನ್ನಿ. ಇನ್ನೊಂದು ಕೆಲಸ ಹುಡುಕಲು ಹೆಚ್ಚೆಂದರೆ 60 ದಿನ. ಸಿಗದೆ ಮೈಸೂರಿಗೆ ಹೋಗಿ ನೆಲೆಸಿ ಅನಿವಾಸಿಯಾದ ದಿನ ಕಂಪನಿಯ ಎಸ್ ಸ್ಥಾನವೇ ಬಿದ್ದುಹೋಗುತ್ತದೆ. ನನ್ನ ವೀಸಾದ ದಂಡವನ್ನು ಗೆಳೆಯ ತೆರಬೇಕು! ನಾವು ಆರಿಸಿಕೊಂಡದ್ದು ಸಿ ಕಾರ್ಪ್. ಲಾಭದ ಮೇಲೆ ಶೇ 21ರಷ್ಟು ಕೇಂದ್ರ ತೆರಿಗೆ, ಅದರ ಮೇಲೆ ರಾಜ್ಯದ್ದು, ಲಾಭಾಂಶ ಹಂಚಿದರೆ ಮತ್ತೆ ನಮ್ಮ ತಲೆಯ ಮೇಲೆ ತೆರಿಗೆ. ದುಬಾರಿಯೇ, ಆದರೆ ನಾನು ಎಲ್ಲಿದ್ದರೂ ಕಂಪನಿ ಅಲ್ಲಾಡುವುದಿಲ್ಲ.

ಉಳಿದದ್ದನ್ನು ವಕೀಲರ ಮುಂದೆ ಬರೆಸಿದೆವು. ನಾನು ಹಾಕಿದ ಹಣದಲ್ಲಿ ಸ್ವಲ್ಪ ಮಾತ್ರ ಬಂಡವಾಳ, ಮಿಕ್ಕಿದ್ದು ಬಡ್ಡಿ ನಮೂದಿಸಿದ ಸಾಲ. ಲಾಭಾಂಶದ ಮಾತಿಗೆ ಮೊದಲು ಅವನಿಗೆ ಸಂಬಳ. ಅವನ ಷೇರುಗಳು ನಾಲ್ಕು ವರ್ಷದಲ್ಲಿ ಹಂತಹಂತವಾಗಿ ಅವನವಾಗುತ್ತವೆ. ಇಂಥ ಷೇರು ಪಡೆದ 30 ದಿನದೊಳಗೆ ತೆರಿಗೆ ಇಲಾಖೆಯಾದ ಐಆರ್‌ಎಸ್‌ಗೆ ‘ಇವತ್ತಿನ ಬೆಲೆಗೇ ತೆರಿಗೆ ಹಾಕಿ’ ಎನ್ನುವ 83(ಬಿ) ಪತ್ರ ಕಳಿಸದಿದ್ದರೆ, ಪ್ರತಿ ಹಂತದಲ್ಲೂ ಆ ಹೊತ್ತಿನ ಏರಿದ ಬೆಲೆಗೆ ತೆರಿಗೆ ಬೀಳುತ್ತದೆ. ರಸೀದಿ ಸಿಗುವ ಅಂಚೆಯಲ್ಲೇ ಕಳಿಸಿ.

ಸ್ವಂತ ಕಂಪನಿಯಲ್ಲಿ ದುಡಿಯಲು ಗ್ರೀನ್ ಕಾರ್ಡ್‌ಗಾಗಿ ಕಾಯುವವರಿಗೆ ಇಲ್ಲಿ ಎಲ್ಲರೂ ಹೇಳುವ ಹೆಸರು ಜ್ಯೋತಿ ಬನ್ಸಲ್. ಕೆಲಸದ ಪರವಾನಗಿಗಾಗಿ ಏಳು ವರ್ಷ ಕಾದು 2008ರಲ್ಲಿ ಆಪ್‌ಡೈನಾಮಿಕ್ಸ್ ಕಂಪನಿ ಕಟ್ಟಿದರು. 2017ರಲ್ಲಿ ಸಿಸ್ಕೊ ಅದನ್ನು 370 ಕೋಟಿ ಡಾಲರ್‌ಗೆ ಕೊಂಡಿತು. ಅದೃಷ್ಟವಂತರ ಕಥೆಯನ್ನು ಯೋಜನೆ ಎಂದುಕೊಳ್ಳುವುದು ನನಗೆ ಒಗ್ಗದು. ಕಾಯದೆ ಹೋಗಲೂ ದಾರಿಯಿದೆ. 2025ರ ಜನವರಿ 17ರಿಂದ ಜಾರಿಗೆ ಬಂದ ನಿಯಮದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲಿರುವವನೂ ತನ್ನದೇ ಕಂಪನಿಯಿಂದ ಎಚ್‌1ಬಿ ಪಡೆಯಬಹುದು, ಆದರೆ ಮೊದಲ ಎರಡು ಸಲ ಮೂರು ವರ್ಷದ ಬದಲು 18 ತಿಂಗಳಿಗಷ್ಟೇ. ನನ್ನ ಪಾಲು ಶೇ 49; ಆ ಮಿತಿ ನನಗಿಲ್ಲ. ಈಗಿನ ನೌಕರಿ ಬಿಡದೆ, ನಮ್ಮ ಕಂಪನಿಯಿಂದ ಅರೆಕಾಲಿಕ ಎಚ್‌1ಬಿಗೆ ಎರಡನೇ ಅರ್ಜಿ ಹಾಕುವ ದಾರಿಯೂ ಇದೆ. ಅದಕ್ಕೆ ಸರ್ಕಾರ ಗೊತ್ತುಮಾಡಿದ ಸಂಬಳವನ್ನು ಕಂಪನಿ ನನಗೆ ಕೊಡಬಲ್ಲಂತಿರಬೇಕು. ಮುಂದಿನ ವರ್ಷದ ಆಯವ್ಯಯದಲ್ಲಿ ಆ ಸಾಲನ್ನು ಗೆಳೆಯನೇ ಸೇರಿಸಿದ್ದಾನೆ, ತನ್ನ ಸಂಬಳದ ಕೆಳಗೆ.